ಅಡ್ಡ ಬಂದವರು

ಮೊದಲು ಉರುಳಿದ್ದು ನೀರಿನ ತಂಬಿಗೆ.

ಊಟಕ್ಕೆ ಕೂತಾಗ ಇವರ ಎಡಗಡೆ ತಂಬಿಗೆ ಇಡುವುದು ಮದುವೆಯಾದ ದಿನದಿಂದ ನಡೆದುಬಂದ ಪದ್ಧತಿ. ಅವತ್ತೂ ಅಲ್ಲೇ ಇಟ್ಟಿದ್ದೆ. ಕೂರುವಾಗ ಮಂಡಿ ತಗುಲಿ ಉರುಳಿತು. ನೀರೆಲ್ಲ ಎಲೆಯ ಕೆಳಗೆ ಹರಿಯಿತು.

"ಅಡ್ಡ ಯಾಕೇ ಇಡ್ತೀಯಾ?" ಎಂದು ರೇಗಿದರು.

"ಎಲ್ಲಿಡ್ಬೇಕೋ ಅಲ್ಲೇ ಇಟ್ಟಿದೀನಿ. ತಂಬಿಗೆ ತಾನಾಗಿ ನಡ್ಕೊಂಡು ಬರುತ್ತಾ?" ಎಂದು ನಾನೂ ರೇಗಿದೆ. ಎಲೆ ಬದಲಾಯಿಸಿ ಬಡಿಸಿದೆ. ಅಷ್ಟಕ್ಕೇ ಮರೆತೆವು.

ನಾನು ಗೌರಮ್ಮ. 'ಇವರು' ಎಂದರೆ ನಮ್ಮ ಯಜಮಾನರು, ಸಿದ್ದಪ್ಪನವರು. ಬರೆಯುವಾಗ ಹೆಸರು ಬಂತು, ಬಾಯಲ್ಲಿ ಮಾತ್ರ ಇಂದಿಗೂ ಬರುವುದಿಲ್ಲ. ನಮ್ಮ ಮನೆಗಳಲ್ಲಿ ಹೆಂಡತಿಯ ಬಾಯಿಗೆ ಗಂಡನ ಹೆಸರೆಂದರೆ 'ರೀ' ಎನ್ನುವ ಒಂದಕ್ಷರ, ಅಷ್ಟೇ. ಆ ಒಂದಕ್ಷರ ನನ್ನ ಕಾಲು ಮುರಿಯಿತು ಎಂದರೆ ನೀವು ನಗಬಹುದು. ನಗಬೇಡಿ, ಅದನ್ನೇ ಹೇಳಹೊರಟಿದ್ದೇನೆ.

ಮನೆ ಚಾಮರಾಜಪೇಟೆ. ಕಾಟನ್‌ಪೇಟೆಯಲ್ಲಿ ಇವರದು ಹಗ್ಗ, ಗೋಣಿಯ ಸಗಟು ಅಂಗಡಿ. ನಡೆದುಹೋಗುವಷ್ಟೇ ದೂರ. ಆದರೂ ಇವರು ಕಾರಿನಲ್ಲೇ ಹೋಗಬೇಕು. ಯುದ್ಧ ಮುಗಿದು ದಂಡಿನ ಕಡೆಯ ದೊರೆಯೊಬ್ಬ ತನ್ನ ಊರಿಗೆ ಹೊರಟಾಗ ಅವನಿಂದ ಕೊಂಡ ಕಪ್ಪು ಕಾರು ಅದು. ಬೀದಿಯಲ್ಲಿ ಕಾರಿದ್ದ ಬೇರೆಯವರೆಲ್ಲ ಡ್ರೈವರ್ ಇಟ್ಟುಕೊಂಡಿದ್ದರು. ಇವರು ಇಟ್ಟುಕೊಳ್ಳಲಿಲ್ಲ. "ಸ್ಟೀರಿಂಗು, ಕಟ್ಕೊಂಡ ಹೆಂಡ್ತಿ, ಇವೆರಡನ್ನ ಇನ್ನೊಬ್ಬನ ಕೈಗೆ ಕೊಡಬಾರದು" ಎಂದು ನೆಂಟರ ಮುಂದೆ ಹೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಇವರು ಸ್ಟೀರಿಂಗ್ ಹಿಡಿದು ಕೂತರೆ ಒಂದು ಕಳೆ ಇರುತ್ತಿತ್ತು, ಸುಳ್ಳೇಕೆ ಹೇಳಲಿ.

ತಂಬಿಗೆಯ ನಂತರ ಬಾಗಿಲ ಚೌಕಟ್ಟು. ಎಡಭುಜ ತಗುಲಿಸಿಕೊಂಡು ಬರುವುದು ದಿನದ ಮಾತಾಯಿತು. ಬೆಳಗಿನ ಲಿಂಗಪೂಜೆಯಲ್ಲಿ ಅಂಗೈ ಮೇಲಿನ ಲಿಂಗವನ್ನು ರೆಪ್ಪೆ ಮಿಟುಕಿಸದೆ ನೋಡುತ್ತಿದ್ದವರು, ಪಕ್ಕದಲ್ಲಿದ್ದ ಹೂವಿನ ತಟ್ಟೆಗೆ ಕೈ ತಡಕಾಡುತ್ತಿದ್ದರು. ನನಗೆ ಅದು ಭಕ್ತಿಯಾಗಿ ಕಂಡಿತು. ಧ್ಯಾನದಲ್ಲಿ ಮುಳುಗಿದ್ದಾರೆ, ತಟ್ಟೆ ಎಲ್ಲಿ ಕಾಣಬೇಕು ಎಂದುಕೊಂಡೆ.

ಕಾರಿನಲ್ಲಿ ಮಾತ್ರ ಅದು ಭಕ್ತಿಯಾಗಿ ಕಾಣಲಿಲ್ಲ, ಕೋಪವಾಗಿ ಕಂಡಿತು. "ಈ ಊರಿನ ಜನಕ್ಕೆ ಏನಾಗಿದೆಯೋ, ಎಲ್ಲಿಂದಲೋ ಬಂದು ಅಡ್ಡ ನುಗ್ತಾರೆ" ಎಂಬುದು ಇವರ ಮಾತು. ಸೈಕಲ್ಲಿನವನು ಅಡ್ಡ ಬಂದ. ಹಸು ಅಡ್ಡ ಬಂತು. ಜಟಕಾ ಅಡ್ಡ ಬಂತು. ಎಲ್ಲ ಇದ್ದಕ್ಕಿದ್ದಂತೆ, ನೆಲ ಬಿರಿದು ಮೇಲೆದ್ದ ಹಾಗೆ. ಇವರು ಗಕ್ಕನೆ ಬ್ರೇಕ್ ಒತ್ತಿ, ಹಾರ್ನಿನ ಗುಳ್ಳೆ ಹಿಂಡಿ, ಕಿಟಕಿಯಿಂದ ತಲೆ ಹೊರಹಾಕಿ ಕೂಗುತ್ತಿದ್ದರು: "ಕಣ್ಣು ಕಾಣಲ್ವೇನೋ?"

ಆ ಮಾತನ್ನು ಈ ಊರಿನಲ್ಲಿ ಯಾರೂ ಬೈಗುಳವೆಂದುಕೊಳ್ಳುವುದಿಲ್ಲ. ರಸ್ತೆಯಲ್ಲಿ ಎಲ್ಲರೂ ಎಲ್ಲರಿಗೂ ಅನ್ನುವುದೇ. ಎದುರಿನವನೂ ಗೊಣಗಿಕೊಂಡು ಹೋಗುತ್ತಿದ್ದ.

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಅನ್ನುತ್ತಾರೆ. ಇವರ ವಿಷಯದಲ್ಲಿ ಆ ಗಾದೆ ತಲೆಕೆಳಗಾಗಿ ನಿಜವಾಯಿತು. ಪ್ರತಿಸಲ ಕೂದಲೆಳೆಯಷ್ಟರಲ್ಲಿ ತಪ್ಪಿದಾಗಲೂ ನನ್ನ ಎದೆ ಬಾಯಿಗೆ ಬರುತ್ತಿತ್ತು. ಇವರಿಗೆ ಮಾತ್ರ ತಮ್ಮ ಕೈಚಳಕಕ್ಕೆ ಇನ್ನೊಂದು ಸರ್ಟಿಫಿಕೇಟ್ ಸಿಕ್ಕ ಹಾಗೆ. "ನೋಡ್ದಾ, ಹೆಂಗೆ ತಪ್ಪಿಸ್ದೆ! ಬೇರೆಯೋನಾಗಿದ್ರೆ ಗುದ್ದಿರೋನು" ಎನ್ನುತ್ತಿದ್ದರು. ತಪ್ಪಿದಷ್ಟೂ ಭಯ ಹೆಚ್ಚಬೇಕಲ್ಲವೇ? ತಪ್ಪಿದಷ್ಟೂ ಧೈರ್ಯ ಹೆಚ್ಚಿತು. ಸಾಯಂಕಾಲ ಮಬ್ಬಾದರೆ ಜನ ಜಾಸ್ತಿ ಅಡ್ಡ ಬರುತ್ತಾರೆಂದು, ಮಬ್ಬಾಗುವ ಮುಂಚೆ ಮನೆ ಸೇರಲು ಇನ್ನೂ ಜೋರಾಗಿ ಓಡಿಸತೊಡಗಿದರು.

ಮೊದಲು ಕಂಡುಕೊಂಡಿದ್ದು ಮಗಳು ಶಾಂತ. ಕಾಲೇಜಿಗೆ ಬಿಡಲು ಹೋದ ದಿನ ಒಂದು ಜಟಕಾದ ಕುದುರೆಯ ಮೂತಿಗೆ ತಗುಲುವಷ್ಟು ಹತ್ತಿರ ಹೋಗಿ ನಿಂತರಂತೆ. ಅವಳು ಕಾರಿನಿಂದ ಇಳಿದುಬಿಟ್ಟಳು. "ಅಪ್ಪಾಜಿ, ನಾನು ನಡ್ಕೊಂಡೇ ಹೋಗ್ತೀನಿ" ಎಂದಳಂತೆ. ಸಂಜೆ ಅಡುಗೆಮನೆಗೆ ಬಂದು ನನ್ನ ಕಿವಿಯಲ್ಲಿ ಹೇಳಿದಳು:

"ಅಮ್ಮಾ, ಅಪ್ಪಾಜಿಗೆ ಆ ಕುದುರೆ ಕಾಣ್ಲೇ ಇಲ್ಲ."

"ಬಾಯಿ ಮುಚ್ಚೇ. ಪೇಪರಿನ ಸಣ್ಣಕ್ಷರ ಓದ್ತಾರೆ, ಅಷ್ಟು ದೊಡ್ಡ ಕುದುರೆ ಕಾಣಲ್ವಾ?" ಎಂದು ಅವಳನ್ನೇ ಬೈದೆ. ನಡುಮನೆಯಲ್ಲಿ ಕೂತಿದ್ದ ಇವರಿಗೆ ಅದು ಕೇಳಿಸಿತು. ಎದ್ದು ಬಂದು ನನ್ನ ಹೊಲಿಗೆ ಡಬ್ಬಿಯಿಂದ ಸೂಜಿ ತೆಗೆದು, ಒಂದೇ ಸಲಕ್ಕೆ ದಾರ ಪೋಣಿಸಿ, ನಮ್ಮಿಬ್ಬರ ಮುಂದೆ ಹಿಡಿದರು. "ನಿಮ್ಮಿಬ್ಬರಲ್ಲಿ ಯಾರಾದ್ರೂ ಹಿಂಗೆ ಪೋಣಿಸಿ ನೋಡೋಣ" ಎಂದರು. ನನ್ನ ಕೈಲಿ ಆಗಲಿಲ್ಲ. ತಿರುಗಿ ಹೊರಟವರು ಹೊಸ್ತಿಲ ಪಕ್ಕದ ಮಣೆ ಎಡವಿದರು. "ಇದನ್ನ ಯಾರು ಅಡ್ಡ ಇಟ್ಟಿದ್ದು?" ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಒಳಗೇ ನಕ್ಕೆ. ಆ ನಗು ನೆನೆದರೆ ಈಗ ಮೈ ಝುಂ ಎನ್ನುತ್ತದೆ.

ಕಣ್ಣಿನ ಆಸ್ಪತ್ರೆಗೆ ಹೋಗಿದ್ದು ಬೇರೆ ಕಾರಣಕ್ಕೆ. ಓದುವ ಕನ್ನಡಕ ಕೆಳಗೆ ಬಿದ್ದು ಒಡೆದಿತ್ತು. ಹೊಸದಕ್ಕೆ ನಂಬರು ಬರೆಸಿಕೊಂಡು ಬರೋಣವೆಂದು ಹೋದೆವು. ದಾರಿಯುದ್ದಕ್ಕೂ ಇವರೇ ಓಡಿಸಿದರು.

ಡಾಕ್ಟರು ವಯಸ್ಸಾದವರು, ಮೆತ್ತಗೆ ಮಾತಾಡುವವರು. ಗೋಡೆಯ ಮೇಲಿನ ಅಕ್ಷರದ ಚಾರ್ಟ್ ಓದಿಸಿದರು. ಇವರು ಕೊನೆಯ ಸಾಲನ್ನೂ ಗಟ್ಟಿಯಾಗಿ ಓದಿ, ನನ್ನ ಕಡೆ ತಿರುಗಿ ಮೀಸೆಯಲ್ಲೇ ನಕ್ಕರು. ಡಾಕ್ಟರು ನಗಲಿಲ್ಲ. ಲೈಟು ಬಿಟ್ಟು ಕಣ್ಣಿನೊಳಗೆ ಬಹಳ ಹೊತ್ತು ನೋಡಿದರು. ಮತ್ತೆ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಇವರ ಎದುರಿಗೆ, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತರು.

"ಯಜಮಾನ್ರೇ, ನನ್ನ ಮೂಗು ನೋಡ್ತಾ ಇರಿ. ಕಣ್ಣು ಆ ಕಡೆ ಈ ಕಡೆ ಅಲ್ಲಾಡಿಸ್ಬೇಡಿ. ನನ್ನ ಬೆರಳು ಕಂಡ ತಕ್ಷಣ ಹೇಳಿ."

ತಮ್ಮ ಕೈಯನ್ನು ಇವರ ಎಡಗಡೆಗೆ ಚಾಚಿ, ಒಂದು ಬೆರಳನ್ನು ಆಡಿಸುತ್ತ ನಿಧಾನವಾಗಿ ಒಳಕ್ಕೆ ತಂದರು. ಪಕ್ಕದ ಬೆಂಚಿನಲ್ಲಿ ಕೂತಿದ್ದ ನನಗೆ ಎಲ್ಲ ಕಾಣುತ್ತಿತ್ತು. ಬೆರಳು ಇವರ ಕಿವಿಯ ನೇರಕ್ಕೆ ಬಂತು. ಈಗ ಹೇಳುತ್ತಾರೆ ಎಂದುಕೊಂಡೆ. ಕೆನ್ನೆಯ ನೇರಕ್ಕೆ ಬಂತು. ಬೆರಳು ಆಡುತ್ತಲೇ ಇತ್ತು. ಇವರು ಡಾಕ್ಟರ ಮೂಗನ್ನೇ ದಿಟ್ಟಿಸುತ್ತ, ಒಳ್ಳೆಯ ಶಿಷ್ಯನ ಹಾಗೆ ಕಾದು ಕೂತಿದ್ದರು. ಡಾಕ್ಟರ ಮುಖದ ಹತ್ತಿರ, ಹೆಚ್ಚುಕಡಿಮೆ ಮೂಗಿನ ಪಕ್ಕಕ್ಕೇ ಬೆರಳು ಬಂದಾಗ ಇವರು ಕೇಳಿದರು:

"ಶುರು ಮಾಡಿ ಡಾಕ್ಟ್ರೇ. ಬೆರಳು ಎಲ್ಲಿ?"

ಡಾಕ್ಟರು ಬೆರಳು ಮಡಚಿ ಕೈ ಕೆಳಗಿಟ್ಟರು.

ಗ್ಲಾಕೋಮಾ ಎಂದರು. ಆ ಹೆಸರು ನಾವು ಅಲ್ಲಿಯವರೆಗೆ ಕೇಳಿರಲಿಲ್ಲ. ಕಣ್ಣಿನೊಳಗಿನ ಪ್ರೆಷರ್ ಏರಿ, ಒಳಗಿನ ನರ ಸ್ವಲ್ಪ ಸ್ವಲ್ಪವೇ ಸಾಯುತ್ತದಂತೆ. ನೋವಿಲ್ಲ, ಕೆಂಪಿಲ್ಲ, ನೀರಿಲ್ಲ. ಅಂಚಿನಿಂದ ತಿನ್ನುತ್ತ ಬಂದು ನಡುವಿನ ನೋಟವನ್ನು ಕಡೆಗೆ ಮುಟ್ಟುತ್ತದಂತೆ. ಎಡಗಣ್ಣಿನ ಅಂಚು ಪೂರ್ತಿ ಹೋಗಿದೆ, ಬಲಗಣ್ಣಿನದೂ ಮೂಗಿನ ಕಡೆಯಿಂದ ಶುರುವಾಗಿದೆ ಎಂದರು. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ಡ್ರಾಪ್ಸ್ ಹಾಕಬೇಕು, ಸಾಲದಿದ್ದರೆ ಆಪರೇಷನ್.

"ಹಂಗಾದ್ರೆ ನನಗೆ ಆ ಕಡೆ ಕಪ್ಪಗೆ ಕಾಣ್ಬೇಕಲ್ಲ? ನನಗೇನೂ ಕಪ್ಪು ಕಾಣ್ತಿಲ್ಲ" ಎಂದು ಇವರು ವಾದಕ್ಕೆ ನಿಂತರು.

"ನಿಮ್ಮ ಬೆನ್ನ ಹಿಂದೆ ಈಗ ಏನ್ ಕಾಣ್ತಿದೆ? ಕಪ್ಪಾ?"

"ಇಲ್ಲ. ಬೆನ್ನ ಹಿಂದೆ ಏನ್ ಕಾಣುತ್ತೆ? ಏನೂ ಕಾಣಲ್ಲ."

"ಹಾಗೇ ಇದು. ಕಾಣ್ತಿಲ್ಲ ಅನ್ನೋದೂ ನಿಮಗೆ ಕಾಣಲ್ಲ. ಯಾರೂ ಅಡ್ಡ ಬರ್ತಿಲ್ಲ ಯಜಮಾನ್ರೇ. ಅವರು ಮೊದಲಿಂದ ಅಲ್ಲೇ ಇರ್ತಾರೆ. ಕಾರು ಇವತ್ತಿಗೇ ಬಿಡಿ."

ಇವರ ಮುಖ ಕೆಂಪಾಯಿತು. "ಇಷ್ಟು ವರ್ಷ ಓಡಿಸಿದೀನಿ. ಒಂದು ಕೋಳಿ ಸಾಯಿಸಿಲ್ಲ ನಾನು" ಎಂದರು.

"ಅದು ನಿಮ್ಮ ಕಣ್ಣಿನ ಪುಣ್ಯ ಅಲ್ಲ. ಎದುರಿಗಿದ್ದೋರ ಕಣ್ಣಿನ ಪುಣ್ಯ" ಎಂದು ಡಾಕ್ಟರು ಚೀಟಿ ಬರೆಯತೊಡಗಿದರು.

ಹೊರಗೆ ಬಂದೆವು. ಕಾರು ಬೇವಿನ ಮರದ ಕೆಳಗೆ ನಿಂತಿತ್ತು. ಇವರು ಬಾಗಿಲು ತೆಗೆದು ಸ್ಟೀರಿಂಗಿನ ಮುಂದೆ ಕೂತರು, ಏನೂ ಆಗದವರ ಹಾಗೆ.

ನಾನೂ ಹತ್ತಿ ಕೂತೆ.

ಯಾಕೆ ಕೂತೆ ಎಂದು ಆಸ್ಪತ್ರೆಯ ಹಾಸಿಗೆಯ ಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಬೆರಳು ಕಾಣದ್ದನ್ನು ಆಗತಾನೇ ಕಣ್ಣಾರೆ ಕಂಡವಳು ನಾನು. ಆದರೆ ಬೀದಿಯಲ್ಲಿ ನಿಂತು ಗಂಡನೊಡನೆ ಜಗಳವಾಡುವ ನಾಚಿಕೆ ಎದುರಿಗಿತ್ತು, ಗುದ್ದುವುದು ಎಲ್ಲೋ ದೂರದಲ್ಲಿತ್ತು. ಮನುಷ್ಯರಿಗೆ ಹತ್ತಿರದ ಸಣ್ಣ ಭಯ ದೂರದ ದೊಡ್ಡ ಭಯವನ್ನು ಮುಚ್ಚಿಬಿಡುತ್ತದೆ. ಅಲ್ಲದೆ ಬರುವಾಗ ಏನೂ ಆಗಿರಲಿಲ್ಲವಲ್ಲ? ಹೋಗುವಾಗಲೂ ಆಗಲಿಕ್ಕಿಲ್ಲ ಎಂದು ಮನಸ್ಸು ಹೇಳಿತು. ಆಗಲಿಲ್ಲ. ಮನೆ ಸೇರಿದೆವು. ಮಾರನೆಯ ದಿನ ಹತ್ತುವುದು ಇನ್ನೂ ಸುಲಭವಾಯಿತು.

ಡ್ರಾಪ್ಸ್ ಹಾಕುವುದು ನನ್ನ ಕೆಲಸವಾಯಿತು. ಕಣ್ಣು ಉರಿಯುತ್ತದೆ, ಹುಬ್ಬು ನೋಯುತ್ತದೆ ಎಂದು ಇವರು ಗೊಣಗುತ್ತಿದ್ದರು. ಹಾಕಿದ ಮೇಲೆ ಸ್ವಲ್ಪ ಹೊತ್ತು ಎಲ್ಲ ಮಂಕಾಗಿ ಕಾಣುತ್ತಿತ್ತಂತೆ. ಇಷ್ಟಾದರೂ ಆ ಸಣ್ಣ ಬಾಟಲಿ ಇವರಿಗೆ ಒಂದು ರಹದಾರಿಯಾಯಿತು. "ಮದ್ದು ಹಾಕ್ತಿದೀನಲ್ಲ, ಇನ್ನೇನು?" ಎಂದು ಕಾರು ತೆಗೆಯುತ್ತಿದ್ದರು. ಉಳಿಸಲು ಕೊಟ್ಟ ಮದ್ದನ್ನು ವಾಸಿಯಾದ ಲೆಕ್ಕಕ್ಕೆ ಹಿಡಿದರು. ನಾನೂ ಶಾಂತಳೂ ಅತ್ತೆವು, ಊಟ ಬಿಟ್ಟೆವು. ಕಡೆಗೆ ಒಂದು ಒಪ್ಪಂದಕ್ಕೆ ಬಂದೆವು. ಒಬ್ಬರೇ ಓಡಿಸಕೂಡದು. ನಾನು ಎಡಗಡೆಯ ಸೀಟಿನಲ್ಲಿ ಕೂತು, ಎಡಗಡೆ ಏನೇ ಕಂಡರೂ ಹೇಳಬೇಕು.

ಇವರಿಗೆ ಅದೊಂದು ಆಟವಾಯಿತು. "ನೀನು ನನ್ನ ಕಂಡಕ್ಟರು ಕಣೇ. ನಿಲ್ಸು ಅಂದ್ರೆ ಹೋಲ್ಡಾನ್, ಹೊರಡು ಅಂದ್ರೆ ರೈಟ್" ಎಂದು ಬಸ್ಸಿನ ಭಾಷೆ ಕಲಿಸಿದರು. ನಾನು ಮೊದಮೊದಲು ನಾಚಿದೆ. ಆಮೇಲೆ ಕಂಡಕ್ಟರುಗಳ ಹಾಗೆ 'ರೈಟ್' ಅನ್ನೂ ತುಂಡು ಮಾಡಿ "ರೈ, ರೈ" ಎನ್ನತೊಡಗಿದೆ. ಶಾಂತ ಮಾತ್ರ ನಗಲಿಲ್ಲ. "ಅಮ್ಮಾ, ನೀನು ಕೂತಿರೋದ್ರಿಂದ ಅಪ್ಪಾಜಿ ಇನ್ನೂ ಜೋರಾಗಿ ಹೋಗ್ತಿದಾರೆ, ಗೊತ್ತಾ?" ಎಂದಳು.

ಅವಳ ಮಾತು ಸರಿಯಾಗಿತ್ತು. ಮೊದಲು ಒಂದಿಷ್ಟಾದರೂ ಅಳುಕು ಇತ್ತು, ತಿರುವಿನಲ್ಲಿ ನಿಧಾನಿಸುತ್ತಿದ್ದರು. ಎಡಕ್ಕೆ ನಾನಿದ್ದೇನೆಂಬ ಧೈರ್ಯ ಬಂದ ಮೇಲೆ ಅದೂ ಹೋಯಿತು. ಹಿಂದೆ ಹೋಗದಿದ್ದ ಬಸವನಗುಡಿಯ ಸಂತೆಹೊತ್ತಿನ ಬೀದಿಗಳಿಗೆ, ಹಿಂದೆ ಹೋಗದಿದ್ದ ಮಬ್ಬಿನಲ್ಲಿ ಹೋಗತೊಡಗಿದೆವು. ನಾನೂ ಅಷ್ಟೇ. ಮೊದಲ ದಿನ ಬಾಗಿಲ ಹಿಡಿಯನ್ನು ಬೆವರು ಕಿತ್ತುಬರುವ ಹಾಗೆ ಹಿಡಿದು ಕೂತಿದ್ದವಳು, ಸ್ವಲ್ಪ ದಿನ ಹೋಗುವಷ್ಟರಲ್ಲಿ ಅಂಗಡಿಗಳಲ್ಲಿ ತೂಗುಹಾಕಿದ ಸೀರೆ ನೋಡಿಕೊಂಡು ಹೋಗುತ್ತಿದ್ದೆ. ಭಯವೂ ಮನೆಗೆ ಬಂದ ನೆಂಟರ ಹಾಗೆ. ಬಂದ ಹೊಸದರಲ್ಲಿ ಉಪಚಾರ, ಆಮೇಲೆ ಅವರು ಒಳಗಿರುವುದೇ ಮರೆತುಹೋಗುತ್ತದೆ.

ಶಿವರಾತ್ರಿಯ ಹಿಂದಿನ ಸಂಜೆ ಹೂವು, ಬಿಲ್ವಪತ್ರೆ ತರಲು ಗಾಂಧಿ ಬಜಾರಿಗೆ ಹೋದೆವು. ಇನ್ನೂ ಬಿಸಿಲಿತ್ತು. ಹೂವಿನವರ ಸಾಲಿನ ಪಕ್ಕ ಕಾರು ನಿಲ್ಲಿಸಿ, ಕೂತಲ್ಲೇ ಎಲ್ಲ ಕೊಂಡೆವು. ಹೊರಡಬೇಕೆಂದರೆ ಮುಂದೆ ಒಬ್ಬ ಬಾಳೆಹಣ್ಣಿನ ತಳ್ಳುಗಾಡಿ ನಿಲ್ಲಿಸಿಕೊಂಡಿದ್ದ. "ಹೋಲ್ಡಾನ್" ಎಂದು ಇವರಿಗೆ ಹೇಳಿ ನಾನು ಇಳಿದೆ. ಕಾರಿನ ಮುಂದಕ್ಕೆ ಹೋಗಿ, "ಸ್ವಲ್ಪ ಸರ್ಕೊಳಪ್ಪ" ಎಂದೆ. ಅವನು ಗಾಡಿ ತಳ್ಳಿಕೊಂಡು ಆಚೆ ಹೋದ. ನಾನು ತಿರುಗಿ ಬರಬೇಕು, ಸೆರಗು ಬರಲಿಲ್ಲ. ಎಡಗಡೆಯ ಬಂಪರಿನ ತುದಿಗೆ ಸಿಕ್ಕಿಕೊಂಡಿತ್ತು. ಎಳೆದೆ. ಹರಿಯುತ್ತದೆಂದು ಬಿಟ್ಟೆ. ಎಂಜಿನ್ ಗುರುಗುಟ್ಟುತ್ತಿತ್ತು. ಸ್ವಲ್ಪ ತಾಳಿ ಎಂದು ಹೇಳಬೇಕಿತ್ತು. ಬಾಯಿಗೆ ಬಂದದ್ದು ಮದುವೆಯಾದಾಗಿನಿಂದ ಕೂಗಿ ಅಭ್ಯಾಸವಾದ ಮಾತು.

"ರೀ!" ಎಂದು ಕೂಗಿದೆ.

ಇವರಿಗೆ ಕೇಳಿಸಿದ್ದು "ರೈ!"

ಕಾರು ಮುಂದಕ್ಕೆ ಬಂತು.

ಮಡ್‌ಗಾರ್ಡ್ ಸೊಂಟಕ್ಕೆ ಬಡಿದದ್ದು ಗೊತ್ತಾಯಿತು. ಬಿದ್ದದ್ದು ಗೊತ್ತಾಗಲಿಲ್ಲ. ಎಡಗಾಲಿನ ಮೊಣಕಾಲ ಕೆಳಗೆ ಒಣ ಸೌದೆ ಮುರಿದ ಸದ್ದು ಬಂತು, ನೋವು ಆಮೇಲೆ ಬಂತು. ಕಾರು ಗಕ್ಕನೆ ನಿಂತಿತು. ಮಲಗಿದ್ದಲ್ಲಿಂದ ನನಗೆ ಕಂಡದ್ದು ಚಕ್ರ, ಅದರ ಪಕ್ಕ ಚೆಲ್ಲಿದ್ದ ಯಾರದೋ ಸೇವಂತಿಗೆ. ಮೇಲಿನಿಂದ, ಕಿಟಕಿಯಿಂದ, ಇವರ ದನಿ ಕೇಳಿಸಿತು.

"ಯಾವನೋ ಅವನು ಅಡ್ಡ ಬಂದಿದ್ದು? ಕಣ್ಣು ಕಾಣಲ್ವಾ?"

ಇವತ್ತಿಗೂ ಕಾಲಿನ ನೋವಿಗಿಂತ ಮೊದಲು ನೆನಪಾಗುವುದು ಆ ದನಿ. ಕೋಪವಿತ್ತು ಅದರಲ್ಲಿ, ನಿಜವಾದ ಕೋಪ. ಗುದ್ದಿದವರ ಕೋಪವಲ್ಲ, ಅನ್ಯಾಯಕ್ಕೊಳಗಾದವರ ಕೋಪ.

ಹೂವಿನವಳೊಬ್ಬಳು ಎದೆ ಬಡಿದುಕೊಂಡು ಓಡಿಬಂದಳು. "ಅಯ್ಯೋ ಸಾಮಿ, ಇಳೀರಿ! ನಿಮ್ಮ ಅಮ್ಮಾವ್ರೇ! ಎದುರಿಗೇ ನಿಂತಿದ್ರಲ್ಲ ಸಾಮಿ, ಬಜಾರ್‌ಗೆಲ್ಲ ಕಾಣೋ ಹಂಗೆ!"

ಇವರು ಇಳಿದು ಬಂದರು. ನನ್ನನ್ನು ನೋಡಲು ತಲೆಯನ್ನು ಪೂರ್ತಿ ತಿರುಗಿಸಬೇಕಾಯಿತು. ನೋಡಿದರು. ಆಮೇಲೆ ಮಣ್ಣಿನಲ್ಲೇ ಕೂತು, "ಹತ್ತಿ ಕೂತೆ ಅಂದ್ಕೊಂಡೆ ಕಣೇ... ನೀನೇ ರೈ ಅಂದ್ಯಲ್ಲೇ" ಎಂದು ಅದನ್ನೇ ಹೇಳತೊಡಗಿದರು.

ಕಾರು ಅಲ್ಲೇ ನಿಂತಿತು. ನನ್ನನ್ನು ಆಸ್ಪತ್ರೆಗೆ ಸೇರಿಸಿದ್ದು ಒಂದು ಜಟಕಾ.

ಎಕ್ಸ್‌ರೇ, ಫ್ರ್ಯಾಕ್ಚರ್, ತೊಡೆಯವರೆಗೆ ಪ್ಲಾಸ್ಟರ್. ಹೆಂಗಸರ ವಾರ್ಡಿನಲ್ಲಿ ಕಿಟಕಿಯ ಪಕ್ಕದ ಹಾಸಿಗೆ. ಶಾಂತ ಊಟ ತರುತ್ತಿದ್ದಳು, ತಲೆ ಬಾಚುತ್ತಿದ್ದಳು, ಅಪ್ಪನ ವಿಷಯ ಎತ್ತುತ್ತಿರಲಿಲ್ಲ. ಇವರು ಬಂದು ಹಾಸಿಗೆಯ ಕಾಲಬುಡದಲ್ಲಿ ನಿಂತು ಹೋಗುತ್ತಿದ್ದರು. ನಾನು ಮಾತಾಡಿಸಲಿಲ್ಲ. ನನಗೆ ಸಿಟ್ಟಿತ್ತು. ಕಾಲು ಮುರಿದದ್ದಕ್ಕಲ್ಲ. ಎಲ್ಲರೂ ಹೇಳಿದ್ದರು. ಮಗಳು ಹೇಳಿದ್ದಳು, ಡಾಕ್ಟರು ಬೆರಳಿಟ್ಟು ತೋರಿಸಿದ್ದರು. ಯಾರು ಸತ್ತರೆ ನಂಬುತ್ತಿದ್ದರು ಇವರು? ಅವತ್ತು ಅಲ್ಲಿ ನನ್ನ ಬದಲು ಹೂವಿನವಳ ಮಗು ನಿಂತಿದ್ದರೆ? ಅದನ್ನು ನೆನೆದು ಬೆಚ್ಚಿಬೀಳುತ್ತಿದ್ದೆ. ಕಾಣದಿರುವುದು ರೋಗ, ಒಪ್ಪಿಕೊಳ್ಳುತ್ತೇನೆ. ಕಾಣುವವರ ಮಾತು ಕೇಳದಿರುವುದು ಯಾವ ರೋಗ?

ಒಂದು ಮಧ್ಯಾಹ್ನ ಬಂದವರು ನಿಂತು ಹೋಗಲಿಲ್ಲ. ಸ್ಟೂಲು ಎಳೆದುಕೊಂಡು ನನ್ನ ಎದುರಿಗೆ ಕೂತರು.

"ಗೌರಿ, ಅವತ್ತು ನೀನು ಎಲ್ಲಿ ನಿಂತಿದ್ದೆ?"

"ಎಲ್ಲಾರ್ಗೂ ಗೊತ್ತು. ಹೂವಿನವಳನ್ನ ಕೇಳಿ" ಎಂದೆ.

"ನಿನ್ನನ್ನ ಕೇಳ್ತಿದೀನಿ. ನಾನು ನಿನ್ನ ಮುಖಾನೇ ನೋಡ್ತಿರ್ತೀನಿ. ನೀನು ನಿಂತಿದ್ದ ಕಡೆ ಕೈ ಹಿಡಿ."

ನನಗೆ ಅರ್ಥವಾಯಿತು. ಇವರು ನನ್ನ ಮುಖದ ಮೇಲೆ ಕಣ್ಣಿಟ್ಟರು. ನಾನು ಬಲಗೈ ಚಾಚಿ, ಇವರ ಎಡಗಡೆಗೆ, ಕಾರಿನ ಮಡ್‌ಗಾರ್ಡ್ ಇದ್ದಷ್ಟು ಓರೆಗೆ ಹಿಡಿದೆ. ದೂರವೇನಲ್ಲ. ನನ್ನ ಬಳೆಗಳು ಇವರಿಗೆ ಮೊಳದಷ್ಟು ಹತ್ತಿರದಲ್ಲಿದ್ದವು.

"ಹಿಡಿದ್ಯಾ?"

"ಹಿಡಿದಿದೀನಿ."

"ಇಲ್ಲ. ಹಿಡಿದಿಲ್ಲ."

ನಾನು ಕೈ ಅಲ್ಲಾಡಿಸಿದೆ. ಬಳೆಗಳು ಸದ್ದು ಮಾಡಿದವು. ಸದ್ದು ಬಂದ ಕಡೆಗೆ ತಿರುಗಬಾರದೆಂದು ಇವರು ಕಷ್ಟಪಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು. ಆ ಕಣ್ಣುಗಳಲ್ಲಿ ನಾನು ಅಲ್ಲಿಯವರೆಗೆ ಕಾಣದ ಭಯ ನಿಧಾನವಾಗಿ ತುಂಬಿಕೊಂಡಿತು. ಡಾಕ್ಟರು ಹೇಳಿದಾಗ ಬರದ ಭಯ, ಕುದುರೆಯ ಮೂತಿ ಎದುರಿಗೆ ಬಂದಾಗಲೂ ಬರದ ಭಯ.

"ಸದ್ದು ಕೇಳುತ್ತೆ ಕಣೇ," ಎಂದರು. "ಕೈ ಇಲ್ಲ."

ಅಳತೊಡಗಿದರು. ವಾರ್ಡಿನ ಹೆಂಗಸರೆಲ್ಲ ನೋಡುತ್ತಿದ್ದರು. ನಾನು ಸಮಾಧಾನ ಮಾಡಲಿಲ್ಲ, ಆದರೆ ಚಾಚಿದ ಕೈಯನ್ನು ಹಾಗೇ ಮುಂದಕ್ಕೆ ತಂದು ಇವರ ಕೆನ್ನೆ ಮುಟ್ಟಿದೆ. ಇವರು ಬೆಚ್ಚಿದರು. ಎದ್ದು ಹೋಗುವಾಗ ಜೇಬಿನಿಂದ ಕಾರಿನ ಕೀಲಿ ತೆಗೆದು ನನ್ನ ದಿಂಬಿನ ಕೆಳಗೆ ತುರುಕಿದರು.

ಆಮೇಲಿನದು ಹೇಳಲು ಹೆಚ್ಚಿಲ್ಲ. ಕಾರು ಇನ್ನೊಬ್ಬರ ಮನೆಗೆ ಹೋಯಿತು. ಅದನ್ನು ಕೊಂಡೊಯ್ಯುವ ದಿನ ಇವರು ಹಿತ್ತಲಿನಲ್ಲಿ ಕೂತಿದ್ದರಂತೆ, ಎಂಜಿನ್ನಿನ ಸದ್ದು ಬೀದಿ ತಿರುಗುವವರೆಗೆ ಏಳಲಿಲ್ಲವಂತೆ. ಎಡಗಣ್ಣಿಗೆ ಆಪರೇಷನ್ ಆಯಿತು. ಹೋದ ನೋಟ ಬರಲಿಲ್ಲ, ಬರುವುದಿಲ್ಲವೆಂದು ಮೊದಲೇ ಹೇಳಿದ್ದರು. ಪ್ರೆಷರ್ ಇಳಿದಿದೆ. ಸದ್ಯಕ್ಕೆ ಬಲಗಣ್ಣು ನಿಂತ ಕಡೆ ನಿಂತಿದೆ. ಡಾಕ್ಟರು 'ಸದ್ಯಕ್ಕೆ' ಎಂಬ ಮಾತನ್ನು ಒತ್ತಿ ಹೇಳುತ್ತಾರೆ. ನಾವು ಆ ಮಾತಿಗೇ ಶಿವನಿಗೆ ಕೈಮುಗಿಯುತ್ತೇವೆ. ತಂಬಿಗೆಯನ್ನು ಈಗ ಎಲೆಯ ಬಲಗಡೆ ಇಡುತ್ತೇನೆ. ನನ್ನ ಕಾಲು ಕೂಡಿಕೊಂಡಿದೆ, ಕೊಂಚ ಮೋಟಾಗಿದೆ. ಕೋಲು ಬೇಕು. ಕುಂಟಿಗೂ ಕುರುಡನಿಗೂ ದೇವರು ಗಂಟು ಹಾಕಿದ ಎಂದು ನಾನೇ ಆಡಿಕೊಳ್ಳುತ್ತೇನೆ. ಶಾಂತ ಬೈಯುತ್ತಾಳೆ. ಇವರು ನಗುತ್ತಾರೆ, ಒಂದೊಂದು ಸಲ.

'ರೈಟ್', 'ಹೋಲ್ಡಾನ್' ಎರಡೂ ಮನೆಯಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಮೊನ್ನೆ ಮೊದಲ ಸಲ ಗಾಂಧಿ ಬಜಾರಿಗೆ ನಡೆದೇ ಹೋದೆವು. ನಾನು ಇವರ ಎಡಗಡೆ, ಅದು ಈಗ ನನ್ನ ಕಾಯಂ ಜಾಗ. ಅದೇ ಹೂವಿನವಳು ಕೈಹಿಡಿದು ಮಾತಾಡಿಸಿ, ಕಾಲು ಮುಟ್ಟಿ ನೋಡಿ, ದುಡ್ಡು ಬೇಡವೆಂದು ಒಂದು ಮೊಳ ಮಲ್ಲಿಗೆ ಜಾಸ್ತಿ ಕೊಟ್ಟಳು. ಮುಡಿದುಕೊಳ್ಳಲು ನಾನು ಒಂದು ಹೆಜ್ಜೆ ಹಿಂದೆ ನಿಂತೆ. ಇವರು ರಸ್ತೆಯ ಅಂಚಿಗೆ ಹೋಗಿ, ದಾಟಲು ಕಾದು ನಿಂತು, ತಿರುಗದೆಯೇ ಕೇಳಿದರು:

"ರೈಟಾ?"

ನಾನು ಉತ್ತರ ಕೊಡುವ ಮುಂಚೆ ಒಂದು ಕಾಲು ಮುಂದಿಟ್ಟಾಗಿತ್ತು. ಎಡಗಡೆಯಿಂದ ಬಂದ ಸೈಕಲ್ಲಿನ ಹ್ಯಾಂಡಲ್ ಇವರ ತೋಳಿಗೆ ಉಜ್ಜಿತು. ಸೈಕಲ್ಲು ವಾಲಿ, ಅದರ ಮೇಲಿದ್ದವನು ಕಾಲು ಊರಿ ಬಚಾವಾದ. ಆಫೀಸಿನಿಂದ ಬರುತ್ತಿದ್ದವನಿರಬೇಕು, ಕ್ಯಾರಿಯರಿನಲ್ಲಿ ಊಟದ ಡಬ್ಬಿ ಇತ್ತು. ಗಾಬರಿಯಲ್ಲಿ ಕೂಗಿದ.

"ಏನ್ ಯಜಮಾನ್ರೇ, ಅಡ್ಡ ಬರ್ತೀರಲ್ಲ! ಕಣ್ಣು ಕಾಣಲ್ವಾ?"

ಇವರ ಕತ್ತು ಬಿಗಿಯುವುದು ಹಿಂದಿನಿಂದಲೇ ಕಾಣಿಸಿತು. ಆ ಬಿಗಿತ ನನಗೆ ಗೊತ್ತು. ಅದರ ಹಿಂದೆ ಬರುವ ಬೈಗುಳವೂ ಗೊತ್ತು. ಕೋಲು ಊರಿಕೊಂಡು ಬೇಗ ಬೇಗ ಮುಂದೆ ಬಂದೆ.

ಇವರು ತಲೆಯನ್ನು ಪೂರ್ತಿ ತಿರುಗಿಸಿ ಅವನನ್ನು ಹುಡುಕಿ, ನೋಡಿದರು.

"ಇಲ್ಲಪ್ಪ," ಎಂದರು. "ಈ ಕಡೆ ಕಾಣಲ್ಲ."

ಅವನು ಸೈಕಲ್ಲಿನಿಂದ ಇಳಿದು, ತಳ್ಳಿಕೊಂಡು ಹೋದ. ನಾನು ಇವರ ಎಡಗೈ ಹಿಡಿದುಕೊಂಡೆ.

"ಹೋಲ್ಡಾನ್" ಎಂದೆ. ಇವರು ನಿಂತರು. ಒಂದು ಬಸ್ಸು ಹೋಯಿತು, ಅದರ ಹಿಂದೆ ಒಂದು ಜಟಕಾ ಹೋಯಿತು. ಎರಡೂ ಕಡೆ ನೋಡಿ, ಇನ್ನೊಮ್ಮೆ ನೋಡಿ, ಈ ಸಲ ತುಂಡು ಮಾಡದೆ ಪೂರ್ತಿ ಹೇಳಿದೆ.

"ರೈಟ್."